ಪಕ್ಕದಲ್ಲಿ ಕೂತವರೆಲ್ಲ ನೆಂಟರಲ್ಲ

ಕೆಲವು ಫೋಟೋಗಳು ನೋಡಿದ ಕೂಡಲೇ ಅರ್ಥವಾಗಿಬಿಡುತ್ತವೆ. ಹಾಗೆ ಸಲೀಸಾಗಿ ಅರ್ಥವಾಗುವುದೇ ಅವುಗಳ ತೊಂದರೆ. ಎನ್‌ಜಿಸಿ 3718 ಎಂಬ ಗೆಲಾಕ್ಸಿಯ ಫೋಟೋ ಬಹಳ ಕಾಲ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲಿತ್ತು. ನಡುವೆ ಹಳದಿ ಬೆಳಕು. ಆ ಬೆಳಕನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಕಂದು ದೂಳಿನ ಪಟ್ಟಿ. ಅದು ನೆಟ್ಟಗೂ ಇಲ್ಲ. ನಡುವೆ ಒತ್ತಾಗಿದ್ದು ಎರಡೂ ತುದಿಯಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡು ತಿರುಚಿದೆ. ಅದರಾಚೆ ಮಸುಕು ನೀಲಿಯ ಎರಡು ತೋಳುಗಳು, ಯಾರೋ ಹಿಡಿದು ಎಳೆದಷ್ಟು ಉದ್ದಕ್ಕೆ ಚಾಚಿವೆ. ಒಂದು ಪಕ್ಕದಲ್ಲಿ ಇದಕ್ಕಿಂತ ಚಿಕ್ಕದಾದ ಇನ್ನೊಂದು ಸುರುಳಿ, ಎನ್‌ಜಿಸಿ 3729. ಕೆಳಗಡೆ, ತೋಳಿನ ಅಂಚಿಗೆ ಹತ್ತಿಕೊಂಡಂತೆ, ಒಂದಕ್ಕೊಂದು ಅಂಟಿ ನಿಂತ ಐದು ಪುಟ್ಟ ಗೆಲಾಕ್ಸಿಗಳ ಗುಂಪು, ಹಿಕ್ಸನ್ 56. ದೊಡ್ಡದೊಂದು, ಜೊತೆಗೊಂದು, ಚಿಕ್ಕವು ಐದು. ಮನೆಗೆ ಬಂದ ಯಾರೇ ನೋಡಲಿ, ಚೌಕಟ್ಟು ಹಾಕಿಸಿದ ಸಂಸಾರ ಅಂತಲೇ ಅಂದುಕೊಳ್ಳುತ್ತಿದ್ದರು.

ಈ ಫೋಟೋದಲ್ಲಿ ಸಂಬಂಧ ಇರುವುದು ಇಬ್ಬರ ನಡುವೆ ಮಾತ್ರ. ಎನ್‌ಜಿಸಿ 3718 ನಮ್ಮಿಂದ ಸುಮಾರು 5.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಪಕ್ಕದ 3729 ಅದರ ಜೊತೆಯದು. ಆ ಐದು ಪುಟಾಣಿಗಳಿರುವುದು 40 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ, ಎಂದರೆ ಏಳೆಂಟು ಪಟ್ಟು ದೂರದಲ್ಲಿ. ಅವು ಪುಟಾಣಿಗಳೂ ಅಲ್ಲ, ದೂರಕ್ಕೆ ಸಣ್ಣಗೆ ಕಾಣುತ್ತಿವೆ, ಅಷ್ಟೆ. ಇನ್ನು ಫೋಟೋದ ತುಂಬ ಚೆಲ್ಲಿರುವ ಚೂಪು ಚುಕ್ಕೆಗಳು ನಮ್ಮದೇ ಕ್ಷೀರಪಥದ ನಕ್ಷತ್ರಗಳು. ಅವುಗಳ ದೂರ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜ್ಯೋತಿರ್ವರ್ಷ. ಅಂಗೈಯಗಲದ ಚಿತ್ರದಲ್ಲಿ ಮೂರು ಅಂತಸ್ತುಗಳನ್ನು ತಟ್ಟಿ ಒಂದೇ ಹಾಳೆ ಮಾಡಿದ್ದಾರೆ. ಇದೆಲ್ಲ ಗೊತ್ತಿದ್ದೂ ಪ್ರತಿ ಸಲ ಲ್ಯಾಪ್‌ಟಾಪ್ ತೆರೆದಾಗ ನನ್ನ ಕಣ್ಣು ಮೊದಲು ಸಂಸಾರವನ್ನೇ ನೋಡುತ್ತಿತ್ತು. ತಿಳಿವಳಿಕೆ ಬರುತ್ತಿದ್ದದ್ದು ಅದರ ಹಿಂದೆ, ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣದ ಬಗ್ಗೆ ಬರೆಯಬೇಕು ಅನ್ನಿಸಿದೆ.

ಯುಗಾದಿ ಅಮಾವಾಸ್ಯೆ

ಯುಗಾದಿಯ ಹಿಂದಿನ ರಾತ್ರಿಗಿಂತ ಒಳ್ಳೆಯ ಕತ್ತಲು ನಮ್ಮ ಕಡೆ ಸಿಗುವುದು ಕಷ್ಟ. ಚಂದ್ರ ಇಲ್ಲ, ಮೋಡ ಇನ್ನೂ ಶುರುವಾಗಿಲ್ಲ, ಸಪ್ತರ್ಷಿ ಮಂಡಲ ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಉತ್ತರದಲ್ಲಿ ಚೆನ್ನಾಗಿ ಮೇಲೇರಿರುತ್ತದೆ. ಅಂಥ ಒಂದು ರಾತ್ರಿ ಚಳ್ಳಕೆರೆ ಕಡೆಯ ಸೋದರಮಾವನ ಹೊಲದಲ್ಲಿ ಹತ್ತಿಂಚಿನ ಡಾಬ್ಸೋನಿಯನ್ ದೂರದರ್ಶಕ ಇಟ್ಟುಕೊಂಡು ಕೂತಿದ್ದೆವು. ಈ ಗೆಲಾಕ್ಸಿ ಹುಡುಕಲು ಗುರುತು ಪುಲಸ್ತ್ಯ, ಸಪ್ತರ್ಷಿಗಳ ಚೌಕದ ಕೆಳಮೂಲೆಯ ನಕ್ಷತ್ರ. ಅಲ್ಲಿಂದ ಪಕ್ಕದ ಮೂಲೆಯ ಪುಲಹನ ಕಡೆಗೆ ಮೂರು ಡಿಗ್ರಿಯಷ್ಟು ಸರಿದರೆ ಸಾಕು, ಕೈ ನೀಡಿ ಹಿಡಿದರೆ ಎರಡು ಬೆರಳಿನ ಅಗಲ. ಹೇಳಿದಷ್ಟು ಸುಲಭವಲ್ಲ. ಮಂಕು ನಕ್ಷತ್ರಗಳ ಮೇಲೆ ಕಾಲಿಟ್ಟು ಕಾಲಿಟ್ಟು ಹೋಗಿ, ದಾರಿ ತಪ್ಪಿ, ಮತ್ತೆ ಪುಲಸ್ತ್ಯನಿಗೆ ವಾಪಸು ಬಂದು, ಕೊನೆಗೆ ಐಪೀಸಿನಲ್ಲಿ ಒಂದು ಮಬ್ಬು ಕಂಡಿತು. ನೇರ ದಿಟ್ಟಿಸಿದರೆ ಮಾಯ, ಕಣ್ಣನ್ನು ಚೂರು ಪಕ್ಕಕ್ಕೆ ಹೊರಳಿಸಿದರೆ ಹಾಜರು. ಅದೇ ನೋಟದಲ್ಲಿ ಆಚೆ ತುದಿಗೆ ಇನ್ನೊಂದು, ಇನ್ನೂ ಮಂಕು. ದೂಳಿನ ಪಟ್ಟಿ, ನೀಲಿ ತೋಳು ಯಾವುದೂ ಇಲ್ಲ. ಹಿಕ್ಸನ್ ಗುಂಪಂತೂ ಹತ್ತಿಂಚಿಗೆ ದಕ್ಕುವ ಮಾತೇ ಅಲ್ಲ.

ನಾಳಿನ ಹೋಳಿಗೆಗೆ ಬೇಳೆ ನೆನೆಹಾಕಿ ಬಂದಿದ್ದ ಅತ್ತೆ ಸೆರಗಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದರು. "ಹೊಗೆ ಇದ್ದಂಗೈತಲ್ಲೋ, ಇಷ್ಟಕ್ಕೇನೋ ಬೆಂಗಳೂರಿಂದ ಹೊತ್ಕೊಂಡು ಬಂದಿದ್ದು?" ಅವರ ಮಾತಿಗೆ ಅರ್ಥವಿತ್ತು. ಮರ್ಯಾದೆ ಉಳಿಸಿಕೊಳ್ಳಲು ಮೊಬೈಲಿನಲ್ಲಿದ್ದ ಆ ಫೋಟೋ ತೋರಿಸಿದೆ. ಅತ್ತೆ ಕನ್ನಡಕ ಹಣೆಗೇರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಹಿಕ್ಸನ್ ಗುಂಪಿನ ಮೇಲೆ ಬೆರಳಿಟ್ಟರು. ಬೆರಳಿಗೆ ಚಿತ್ರ ದೊಡ್ಡದಾಗಿ ಸರಿದು ಗುಂಪು ಪರದೆಯಾಚೆ ಹೋಯಿತು. ಎಳೆದು ತಂದು ಮತ್ತೆ ಬೆರಳಿಟ್ಟರು. "ಇವು ಇದರ ಮಕ್ಕಳೇನು?"

"ಅಲ್ಲ ಅತ್ತೆ, ಅವು ತುಂಬ ಹಿಂದಿನವು. ಇದಕ್ಕೂ ಅವಕ್ಕೂ ಸಂಬಂಧವಿಲ್ಲ."

"ಪಕ್ಕದಾಗೇ ಕುಂತವಲ್ಲಪ್ಪ."

"ಪಕ್ಕದಲ್ಲಿ ಕೂತಂಗೆ ಕಾಣ್ತವೆ, ಅಷ್ಟೇ."

"ನಿಂಗೆ ಹೆಂಗೆ ಗೊತ್ತು?"

ಮದುವೆ ಫೋಟೋದಲ್ಲಿ ಹೆಣ್ಣುಗಂಡಿನ ಹಿಂದೆ ಯಾರೋ ಅಡುಗೆಯವರು ಹಾದು ಹೋಗುತ್ತಿರುವಾಗ ಕ್ಲಿಕ್ ಆಗಿ, ಇಪ್ಪತ್ತು ವರ್ಷದ ಮೇಲೆ ಮಕ್ಕಳು ಇವರು ಯಾವ ಚಿಕ್ಕಪ್ಪ ಅಂತ ಕೇಳುವುದುಂಟಲ್ಲ, ಅಂಥದ್ದೇ ಏನೋ ಹೇಳಿ ಅತ್ತೆಯನ್ನು ನಗಿಸಿದೆ. ಅವರು ನಕ್ಕು ಒಳಗೆ ಹೋದರು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಮದುವೆ ಫೋಟೋದಲ್ಲಿ ಅಡುಗೆಯವರು ಯಾರೆಂದು ಹೇಳಲು ಅವತ್ತು ಅಲ್ಲಿದ್ದವರು ಒಬ್ಬರಾದರೂ ಇರುತ್ತಾರೆ. ಇಲ್ಲಿ ಯಾರಿದ್ದರು?

ಋಷಿಗಳಲ್ಲೇ ಇಬ್ಬರು ಹೊರಗಿನವರು

ಸೌಟಿನಂತೆಯೋ ಗಾಳಿಪಟದಂತೆಯೋ ಕಾಣುವ ಆ ಏಳು ನಕ್ಷತ್ರಗಳನ್ನೇ ತೆಗೆದುಕೊಳ್ಳಿ. ಇಡೀ ಆಕಾಶದಲ್ಲಿ ನಮ್ಮವರು ಇಷ್ಟು ನಿಶ್ಚಯವಾಗಿ ಒಂದೇ ಗುಂಪೆಂದು ಕರೆದದ್ದು ಬೇರೆ ಇರಲಾರದು: ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ. 1869ರಲ್ಲಿ ರಿಚರ್ಡ್ ಪ್ರಾಕ್ಟರ್ ಎಂಬ ಇಂಗ್ಲಿಷ್ ಖಗೋಳಜ್ಞ ಈ ಏಳರ ಚಲನೆಯನ್ನು ಪಟ್ಟಿ ಮಾಡಿ ನೋಡಿದ. ನಡುವಿನ ಐದು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುತ್ತಿವೆ. ಅವು ಒಟ್ಟಿಗೆ ಹುಟ್ಟಿದ ನಕ್ಷತ್ರಗಳು, ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ. ಎರಡು ತುದಿಯ ಕ್ರತು ಮತ್ತು ಮರೀಚಿ ಮಾತ್ರ ಬೇರೆ ದಾರಿಯವರು. ಇನ್ನೂ ದೂರದಲ್ಲಿದ್ದಾರೆ, ಐವರ ಜೊತೆ ಹೋಗುತ್ತಲೂ ಇಲ್ಲ. ಲಕ್ಷ ವರ್ಷ ಬಿಟ್ಟು ನೋಡಿದರೆ ಈ ಆಕಾರವೇ ಉಳಿದಿರುವುದಿಲ್ಲ.

ಹಾಗೆಂದು ನಮ್ಮ ಹಿರಿಯರ ಕಣ್ಣು ಪೂರ್ತಿ ಸೋತಿತು ಅನ್ನುವಂತಿಲ್ಲ. ಏಳರಲ್ಲಿ ಐದು ನಿಜವಾದ ಬಳಗ. ಬರಿಗಣ್ಣಿನ ಲೆಕ್ಕಕ್ಕೆ ಇದು ಕಡಿಮೆ ಅಂಕವಲ್ಲ. ಅರುಂಧತಿಯ ವಿಷಯದಲ್ಲಂತೂ ಅವರದೇ ಗೆಲುವು. ಮದುವೆಯ ದಿನ ಮಟಮಟ ಮಧ್ಯಾಹ್ನ ಪುರೋಹಿತರು ಮಂಟಪದ ಶಾಮಿಯಾನದತ್ತ ಬೆರಳು ತೋರಿಸಿ ಕಾಣಿಸಿತಾ ಎಂದು ಕೇಳುವುದು, ಮದುಮಕ್ಕಳು ಫ್ಯಾನ್ ನೋಡುತ್ತ ಕಾಣಿಸಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ತಮಾಷೆ. ಆದರೆ ವಸಿಷ್ಠ ಅರುಂಧತಿಯರಿಬ್ಬರೂ ಒಂದೇ ಬಳಗದವರು, ಜೊತೆಯಲ್ಲೇ ಸಾಗುತ್ತಿದ್ದಾರೆ. ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗುತ್ತಾನೆ. ರೋಹಿತ ತೆಗೆದು, ಎಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಆ ಎರಡೂ ಒಂದೊಂದು ಜೋಡಿ. 2009ರಲ್ಲಿ ಅರುಂಧತಿಗೂ ಒಂದು ಮಂಕು ಸಂಗಾತಿ ಸಿಕ್ಕಿತು. ಪುರೋಹಿತರು ಎರಡು ತೋರಿಸಿದ ಜಾಗದಲ್ಲಿ ಆರು ನಕ್ಷತ್ರಗಳಿವೆ.

ಅತ್ತೆಗೆ ಕೊಡಬೇಕಿದ್ದ ಉತ್ತರ ಇಲ್ಲೇ ಇದೆ. ಯಾರು ಯಾರ ಜೊತೆ ಎಂದು ತಿಳಿಯಲು ಎಲ್ಲಿ ಕೂತಿದ್ದಾರೆ ಎಂದು ನೋಡಿದರೆ ಸಾಲದು, ಹೇಗೆ ಚಲಿಸುತ್ತಿದ್ದಾರೆ ಎಂದು ನೋಡಬೇಕು. ಗೆಲಾಕ್ಸಿಗಳು ಆಕಾಶದಲ್ಲಿ ಅಡ್ಡಡ್ಡ ಸರಿಯುವುದು ನಮ್ಮ ಆಯಸ್ಸಿನಲ್ಲಿ ಕಾಣುವಂಥದ್ದಲ್ಲ. ಸಿಗುವುದು ನಮ್ಮಿಂದ ದೂರ ಸರಿಯುವ ವೇಗ ಮಾತ್ರ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಗೆರೆಗಳು ಕೆಂಪಿನ ಕಡೆ ಎಷ್ಟು ಸರಿದಿವೆ ಎಂಬ ಲೆಕ್ಕ ಅದು, ರೆಡ್‌ಶಿಫ್ಟ್. ಎನ್‌ಜಿಸಿ 3718 ಮತ್ತು 3729 ಎರಡೂ ಸೆಕೆಂಡಿಗೆ ಹೆಚ್ಚುಕಡಿಮೆ 1,000 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತಿವೆ. ಎರಡರ ನಡುವಿನ ವ್ಯತ್ಯಾಸ ನೂರು ಕಿಲೋಮೀಟರಿಗೂ ಕಡಿಮೆ, ಜೊತೆಗಾರರ ನಡುವೆ ಇರಬೇಕಾದಷ್ಟೇ. ಹಿಕ್ಸನ್ 56ರದ್ದು ಸೆಕೆಂಡಿಗೆ 8,000 ಕಿಲೋಮೀಟರಿಗೂ ಹೆಚ್ಚು. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ಹೆಚ್ಚು ವೇಗವೆಂದರೆ ಹೆಚ್ಚು ದೂರ. ಫೋಟೋಕ್ಕೆ ಆಳ ಬರುವುದು ಈ ಅಂಕಿಗಳಿಂದ. ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇವು ಸಿಗುವುದಿಲ್ಲ.

ಇದರಲ್ಲೇ ಇನ್ನೊಂದು ಸಂಗತಿ ಹೊಳೆದು ನನಗೆ ಬಹಳ ಖುಷಿಯಾಗಿತ್ತು. ಹಿಕ್ಸನ್ 56ರ ಬೆಳಕು ಹೊರಟಾಗ ಭೂಮಿಯ ಮೇಲೆ ಕಾಡು ಎನ್ನುವಂಥದ್ದು ಇನ್ನೂ ಬೆಳೆದಿರಲಿಲ್ಲ. ಅದು 35 ಕೋಟಿ ವರ್ಷ ಒಂದೇ ಸಮನೆ ಬಂದು ಎನ್‌ಜಿಸಿ 3718ರ ಪಕ್ಕ ಹಾಯುವ ಹೊತ್ತಿಗೆ ಇಲ್ಲಿ ನಮ್ಮ ಭೂಖಂಡ ಏಷ್ಯಾಕ್ಕೆ ಬಡಿಯುತ್ತಿದ್ದ ಕಾಲ. ಹಿಮಾಲಯ ಇನ್ನೂ ಏಳಬೇಕಿತ್ತು. ಅಲ್ಲಿಂದ ಮುಂದೆ ಎರಡೂ ಬೆಳಕು ಜೊತೆಯಾಗಿ ಹೊರಟು, ಒಟ್ಟಿಗೆ ಬಂದು, ಒಂದೇ ರಾತ್ರಿ ಒಂದೇ ಕ್ಯಾಮೆರಾಕ್ಕೆ ಬಿದ್ದಿವೆ. ಗೆಲಾಕ್ಸಿಗಳಿಗೆ ಪರಸ್ಪರ ಗುರುತಿಲ್ಲದಿದ್ದರೂ ಅವುಗಳ ಬೆಳಕು ಐದು ಕೋಟಿ ವರ್ಷ ಅಕ್ಕಪಕ್ಕದಲ್ಲೇ ಪ್ರಯಾಣ ಮಾಡಿದೆ. ಅತ್ತೆ ಕಂಡದ್ದು ಪೂರ್ತಿ ಸುಳ್ಳಲ್ಲ ಅಂತ ವಾದ ಮಾಡುವುದಾದರೆ ಇಷ್ಟು ಜಾಗವಿದೆ.

ಆರ್ಪ್ ಎಂಬ ಹಟಮಾರಿ

ಎನ್‌ಜಿಸಿ 3718ನ್ನು ಮೊದಲು ಕಂಡದ್ದು ವಿಲಿಯಂ ಹರ್ಷೆಲ್, 1789ರಲ್ಲಿ. ಇಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ ಕಾಲ. ಗೆಲಾಕ್ಸಿ ಎಂದರೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಹರ್ಷೆಲ್ ಕಂಡದ್ದೂ ಅತ್ತೆ ಕಂಡ ಹೊಗೆಯನ್ನೇ. ಇದಕ್ಕೆ ಇನ್ನೊಂದು ಹೆಸರು ಕೊಟ್ಟವನು ಅಮೆರಿಕದ ಖಗೋಳಜ್ಞ ಹಾಲ್ಟನ್ ಆರ್ಪ್: ಆರ್ಪ್ 214. 1966ರಲ್ಲಿ ಅವನು ಪ್ರಕಟಿಸಿದ ವಿಚಿತ್ರ ಗೆಲಾಕ್ಸಿಗಳ ಅಟ್ಲಾಸಿನಲ್ಲಿ 338 ಚಿತ್ರಗಳಿವೆ, ಬಹುಪಾಲು ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ದೂರದರ್ಶಕಗಳಲ್ಲಿ ತೆಗೆದವು. ಅದುವರೆಗೆ ಗೆಲಾಕ್ಸಿಗಳನ್ನು ವಿಂಗಡಿಸುತ್ತಿದ್ದವರು ದೀರ್ಘವೃತ್ತ, ಸುರುಳಿ, ನಡುವೆ ನಕ್ಷತ್ರಗಳ ದಂಡವಿರುವ ಸುರುಳಿ ಎಂದು ಚೊಕ್ಕ ಡಬ್ಬಿಗಳಲ್ಲಿ ಹಾಕಿ, ಯಾವ ಡಬ್ಬಿಗೂ ಹೊಂದದವಕ್ಕೆ ವಿಚಿತ್ರ ಎಂಬ ಚೀಟಿ ಹಚ್ಚಿ ಬದಿಗಿಡುತ್ತಿದ್ದರು. ಆರ್ಪ್ ಆ ಬದಿಗಿಟ್ಟ ರಾಶಿಯನ್ನೇ ಎತ್ತಿಕೊಂಡ. ಸಾಲಾಗಿ ಜೋಡಿಸಿ ನೋಡಿದರೆ ಅವುಗಳಲ್ಲಿ ಎಷ್ಟೋ ಒಂಟಿಯಾಗಿರಲಿಲ್ಲ. ಸೊಟ್ಟಗಾದದ್ದು, ಬಾಲ ಬೆಳೆಸಿಕೊಂಡದ್ದು, ತೋಳು ಹರಿದುಕೊಂಡದ್ದು, ಹತ್ತಿರದಲ್ಲೇ ಇನ್ನೊಂದು.

ಆದರೆ ಹೀಗೆ ನೆಂಟಸ್ತಿಕೆ ಗುರುತಿಸಲು ಪಳಗಿದ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಸ್ಟೀಫನ್ ಪಂಚಕ ಎಂಬ ಐದು ಗೆಲಾಕ್ಸಿಗಳ ಗುಂಪಿನಲ್ಲಿ ಒಂದರ ರೆಡ್‌ಶಿಫ್ಟ್ ಉಳಿದವಕ್ಕಿಂತ ತೀರಾ ಕಡಿಮೆ ಎಂದು 1961ರಲ್ಲೇ ಖಗೋಳಜ್ಞರಾದ ಬರ್ಬಿಜ್ ದಂಪತಿ ಕಂಡುಕೊಂಡಿದ್ದರು. ಇವತ್ತಿನ ಲೆಕ್ಕದಲ್ಲಿ ಅದು 4 ಕೋಟಿ ಜ್ಯೋತಿರ್ವರ್ಷದಲ್ಲಿದೆ, ಮಿಕ್ಕ ನಾಲ್ಕು 29 ಕೋಟಿಯ ಆಸುಪಾಸಿನಲ್ಲಿ. ನಮ್ಮ ಫೋಟೋದ ಕಥೆಯೇ, ತಿರುಗಾಮುರುಗಾ. ಆರ್ಪ್ ಒಪ್ಪಲಿಲ್ಲ. ಐದೂ ಒಟ್ಟಿಗಿವೆ, ರೆಡ್‌ಶಿಫ್ಟೇ ದೂರದ ಅಳತೆಯಲ್ಲ ಎಂದ. ನಕ್ಷತ್ರದಂತೆ ಚುಕ್ಕೆಯಾಗಿ ಕಂಡರೂ ರೆಡ್‌ಶಿಫ್ಟ್ ತೀರಾ ಹೆಚ್ಚಿರುವ ಕ್ವೇಸಾರ್‌ಗಳು ಹತ್ತಿರದ ಗೆಲಾಕ್ಸಿಗಳಿಂದ ಸಿಡಿದ ತುಣುಕುಗಳು ಎಂದ. 1980ರ ದಶಕದಲ್ಲಿ ಅವನಿಗೆ ದೂರದರ್ಶಕದ ಸಮಯ ಕೊಡುವುದನ್ನೇ ನಿಲ್ಲಿಸಿದರು, ಅವನು ಜರ್ಮನಿಗೆ ಹೋದ. ಪುಣೆಯ ಜಯಂತ ನಾರಳೀಕರ್ ಅವನ ಜೊತೆ ಸೇರಿ, ಕಣಗಳ ದ್ರವ್ಯರಾಶಿಯೇ ಕಾಲಕ್ಕೆ ತಕ್ಕಂತೆ ಬದಲಾದರೆ ಇದಕ್ಕೆ ದಾರಿಯಿದೆಯೇ ಎಂದು ಲೆಕ್ಕ ಹಾಕಿದ್ದೂ ಉಂಟು. ಹೆಚ್ಚಿನವರು ಒಪ್ಪಲಿಲ್ಲ. 2013ರಲ್ಲಿ ತೀರಿಕೊಳ್ಳುವವರೆಗೂ ಆರ್ಪ್ ಪಟ್ಟು ಬಿಡಲಿಲ್ಲ. 2022ರ ಜುಲೈ 12ರಂದು ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ಅವುಗಳಲ್ಲಿ ಸ್ಟೀಫನ್ ಪಂಚಕವೂ ಒಂದು. ಆ ಹತ್ತಿರದ ಗೆಲಾಕ್ಸಿಯಲ್ಲಿ ಮಾತ್ರ ನಕ್ಷತ್ರಗಳು ಬಿಡಿಬಿಡಿಯಾಗಿ ಕಂಡವು.

ಆರ್ಪ್ ತಪ್ಪಿದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವನನ್ನು ಹುಚ್ಚ ಎಂದು ತಳ್ಳಿಹಾಕುವ ಬರಹ ಓದಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಅಕ್ಕಪಕ್ಕದಲ್ಲಿರುವುದನ್ನು ಕೂಡಿಸಿ ನೋಡುವ ಚಟ ಇಲ್ಲದಿದ್ದರೆ ಆ ಅಟ್ಲಾಸ್ ಹುಟ್ಟುತ್ತಲೇ ಇರಲಿಲ್ಲ. 338 ಚಿತ್ರಗಳಲ್ಲಿ ದಾರಿ ತೋರಿದ ಚಟ ಆಮೇಲೆ ದಾರಿ ತಪ್ಪಿಸಿತು.

ಐದರ ಗುಂಪಿಗೆ ಹೆಸರು ಕೊಟ್ಟ ಪಾಲ್ ಹಿಕ್ಸನ್ ಕೆನಡಾದವರು. ಒತ್ತೊತ್ತಾಗಿ ನಿಂತ ಗೆಲಾಕ್ಸಿ ಗುಂಪುಗಳು ನೂರನ್ನು 1982ರಲ್ಲಿ ಪಟ್ಟಿ ಮಾಡಿದರು. ಅವುಗಳಲ್ಲೂ ಕೆಲವು ಗುಂಪುಗಳೊಳಗೆ ಹೊರಗಿನವರು ನುಸುಳಿರುವುದು ಆಮೇಲೆ ರೆಡ್‌ಶಿಫ್ಟ್ ಅಳೆದಾಗ ಬಯಲಾಯಿತು. ಉತ್ತರಾಖಂಡದ ದೇವಸ್ಥಲದಲ್ಲಿ ಪಾದರಸವನ್ನೇ ಕನ್ನಡಿಯಾಗಿ ತಿರುಗಿಸುವ ನಾಲ್ಕು ಮೀಟರ್ ದೂರದರ್ಶಕದ ಯೋಜನೆಯ ಮುಂದಾಳುಗಳಲ್ಲೂ ಅವರೊಬ್ಬರು. ಪಾದರಸ ಓರೆಯಾದರೆ ಚೆಲ್ಲುತ್ತದಲ್ಲ, ಹಾಗಾಗಿ ಆ ದೂರದರ್ಶಕ ನೆತ್ತಿಯ ಮೇಲಿನ ಆಕಾಶವನ್ನು ಬಿಟ್ಟು ಬೇರೇನೂ ನೋಡಲಾರದು. ಸಪ್ತರ್ಷಿಗಳು ದೇವಸ್ಥಲದ ನೆತ್ತಿಯ ಮೇಲೆ ಹಾಯುವುದಿಲ್ಲ. ತಮ್ಮ 56ನೆಯ ಗುಂಪು ಹಿಕ್ಸನ್‌ರಿಗೆ ಅಲ್ಲಿಂದ ಎಂದೂ ಸಿಗದು.

ಎಪ್ಪತ್ತನಾಲ್ಕು ಬಲ್ಬು

ಹಾಗಾದರೆ 3718 ಸೊಟ್ಟಗಾದದ್ದು 3729ರಿಂದಲೇ? ವೇಗ ಹೊಂದುತ್ತದೆ, ಅಂತರ ಸುಮಾರು ಒಂದೂವರೆ ಲಕ್ಷ ಜ್ಯೋತಿರ್ವರ್ಷ. ಅದು ನಮಗೆ ಕಾಣುವ ಅಡ್ಡ ಅಂತರ ಮಾತ್ರ. ನಮ್ಮ ನೋಟದ ದಿಕ್ಕಿನಲ್ಲಿ ಒಂದು ಮುಂದೆ ಒಂದು ಹಿಂದೆ ಇದ್ದರೆ ನಿಜವಾದ ದೂರ ಇನ್ನೂ ಜಾಸ್ತಿ. ಆದರೂ ಸೆಳೆತ ನಾಟುವಷ್ಟು ಹತ್ತಿರ.

ಇಂಥ ಸೆಳೆತವನ್ನು ಮೊದಲು ಲೆಕ್ಕ ಹಾಕಿ ತೋರಿಸಿದವನು ಎರಿಕ್ ಹೋಲ್ಮ್‌ಬರ್ಗ್, ಸ್ವೀಡನ್ನಿನ ಲುಂಡ್‌ನಲ್ಲಿ, 1941ರಲ್ಲಿ. ಕಂಪ್ಯೂಟರ್ ಇಲ್ಲದ ಕಾಲ. ಅವನು ಕತ್ತಲೆ ಕೋಣೆಯಲ್ಲಿ ಒಂದು ಗೆಲಾಕ್ಸಿಗೆ 37ರಂತೆ ಎರಡು ಗೆಲಾಕ್ಸಿಗೆ 74 ಬಲ್ಬು ಜೋಡಿಸಿದ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ, ಗುರುತ್ವದ ಸೆಳೆತವೂ ಹಾಗೆಯೇ. ಒಂದು ಬಲ್ಬಿನ ಜಾಗದಲ್ಲಿ ಫೋಟೋಸೆಲ್ ಇಟ್ಟು ಯಾವ ದಿಕ್ಕಿನಿಂದ ಎಷ್ಟು ಬೆಳಕು ಬೀಳುತ್ತದೆ ಎಂದು ಅಳೆದರೆ, ಆ ಜಾಗದ ನಕ್ಷತ್ರಗಳನ್ನು ಯಾವ ಕಡೆಗೆ ಎಷ್ಟು ಎಳೆಯುತ್ತಿದೆ ಎಂಬ ಲೆಕ್ಕ ಸಿಕ್ಕಿತು. ಅಳೆ, ಲೆಕ್ಕ ಹಾಕು, ಬಲ್ಬನ್ನು ಅಷ್ಟೇ ಸರಿಸು, ಮುಂದಿನ ಬಲ್ಬಿಗೆ ಹೋಗು. ಎಲ್ಲ ಮುಗಿದ ಮೇಲೆ ಮೊದಲಿನಿಂದ. ಕೊನೆಗೆ ಎರಡು ಬಲ್ಬಿನ ತಟ್ಟೆಗಳು ಹತ್ತಿರ ಹಾಯುವಾಗ ಆಕಾರ ಕೆಟ್ಟು ತೋಳುಗಳು ಹೊರಬಂದವು. ವಿಜ್ಞಾನದ ಚರಿತ್ರೆಯಲ್ಲಿ ನಾನು ಹೋಗಿ ನೋಡಬೇಕು ಅನ್ನಿಸುವ ಕೋಣೆ ಯಾವುದು ಎಂದು ಕೇಳಿದರೆ ಪಾಲೊಮಾರ್ ಬಿಟ್ಟು ಇದನ್ನು ಹೇಳುತ್ತೇನೆ. 1972ರಲ್ಲಿ ಟೂಮ್ರೆ ಸಹೋದರರು ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ, ಆರ್ಪ್ ಅಟ್ಲಾಸಿನ ಬಾಲ, ಸೇತುವೆಗಳನ್ನು ಬರೀ ಗುರುತ್ವದಿಂದಲೇ ಮೂಡಿಸಿ ತೋರಿಸಿದರು. ಅಲ್ಲಿಯವರೆಗೆ ಅಷ್ಟು ತೆಳ್ಳಗಿನ ಎಳೆಗಳನ್ನು ಗುರುತ್ವ ಎಳೆಯಬಲ್ಲದೆಂದು ನಂಬಲು ಎಷ್ಟೋ ಮಂದಿ ಸಿದ್ಧರಿರಲಿಲ್ಲ.

3718ರ ವಿಷಯದಲ್ಲಿ ಹೆಚ್ಚು ಹೇಳುವುದು ಕಣ್ಣಿಗೆ ಕಾಣದ ಹೈಡ್ರೋಜನ್. ನೆದರ್‌ಲ್ಯಾಂಡ್ಸಿನ ವೆಸ್ಟರ್‌ಬೋರ್ಕ್ ರೇಡಿಯೋ ದೂರದರ್ಶಕದಲ್ಲಿ ಹೈಡ್ರೋಜನ್ ಹೊರಸೂಸುವ 21 ಸೆಂಟಿಮೀಟರ್ ತರಂಗದಲ್ಲಿ ನೋಡಿದಾಗ ಅನಿಲದ ತಟ್ಟೆ ಒಳಗಿನಿಂದ ಹೊರಗೆ ಹೋಗುತ್ತ ಹೋಗುತ್ತ ಭಾರಿ ತಿರುಚಿಕೊಂಡಿರುವುದು ಕಂಡಿತು. ಫೋಟೋದಲ್ಲಿ ನಡುವೆ ಹಾಯುವ ಕಂದು ಪಟ್ಟಿ ಬೇರೇನೂ ಅಲ್ಲ, ಆ ತಿರುಚಿದ ತಟ್ಟೆ ನಮಗೆ ಅಂಚು ತೋರಿಸುವ ಭಾಗ. ಗೆಲಾಕ್ಸಿಗಳ ಯಾದಿಗಳಲ್ಲಿ 3718ನ್ನು ದಂಡವಿರುವ ವಿಚಿತ್ರ ಸುರುಳಿ ಎಂದು ಬರೆದಿರುತ್ತಾರೆ. ದೂಳು ನಡುವನ್ನೇ ಮುಚ್ಚಿರುವುದರಿಂದ ಇದು ಸುರುಳಿಯೇ, ತೋಳಿಲ್ಲದ ಮಸೂರದಾಕಾರದ ಲೆಂಟಿಕ್ಯುಲರೇ ಎಂಬ ತಕರಾರು ಮುಗಿದಿಲ್ಲ. ತಿರುಚಿದ್ದಕ್ಕೆ ಕಾರಣ ಪಕ್ಕದ 3729 ಎಂಬುದು ಮೊದಲ ಊಹೆ. ಹಿಂದೆಂದೋ ಇದು ಇನ್ನೊಂದು ಗೆಲಾಕ್ಸಿಯನ್ನು ನುಂಗಿದ್ದು, ಅದರ ಅನಿಲ ಇನ್ನೂ ನೆಲೆಗೊಂಡಿಲ್ಲ ಎಂಬುದು ಇನ್ನೊಂದು. ಎರಡನೆಯದು ನಿಜವಾದರೆ ಪಕ್ಕದಲ್ಲಿ ನಿಂತವನ ಮೇಲೆ ಸುಮ್ಮನೆ ಗುಮಾನಿ ಪಟ್ಟಂತಾಯಿತು. ಮಾಡಿದವನು ಚಿತ್ರದಲ್ಲಿ ಈಗ ಇಲ್ಲವೇ ಇಲ್ಲ. ನನಗೆ ಈ ಎರಡನೆಯ ಕಥೆಯ ಕಡೆ ಒಲವು, ವೈಜ್ಞಾನಿಕ ಕಾರಣಕ್ಕಿಂತ ಪತ್ತೇದಾರಿ ರುಚಿಗಾಗಿ.

ನಮ್ಮ ತಟ್ಟೆಯೂ ಸೊಟ್ಟ

ದಂಡವಿರುವ, ತಟ್ಟೆ ಬಾಗಿದ, ನೆರೆಯವರ ಕಾಟವಿರುವ ಸುರುಳಿಯೊಂದರ ಒಳಗೇ ನಾವೂ ಇದ್ದೇವೆ. ಕ್ಷೀರಪಥದ ಹೈಡ್ರೋಜನ್ ತಟ್ಟೆ ಅಂಚಿನಲ್ಲಿ ಒಂದು ಕಡೆ ಮೇಲಕ್ಕೆ ಇನ್ನೊಂದು ಕಡೆ ಕೆಳಕ್ಕೆ ಬಾಗಿದೆ ಎಂದು 1957ರಲ್ಲೇ ಗೊತ್ತಾಗಿತ್ತು. 2019ರಲ್ಲಿ, ಬೆಳಕು ಏರಿಳಿಯುವ ಲಯದಿಂದಲೇ ದೂರ ತಿಳಿಸುವ ಸೆಫೀಡ್ ನಕ್ಷತ್ರಗಳ ದೂರ ಅಳೆದು ಬಿಡಿಸಿದ ನಕ್ಷೆಯಲ್ಲಿ ನಕ್ಷತ್ರಗಳ ತಟ್ಟೆಯೂ ಹಾಗೆಯೇ ಬಾಗಿರುವುದು ಕಂಡಿತು. ಇಲ್ಲಿಯೂ ಗುಮಾನಿ ಪಕ್ಕದವರ ಮೇಲೆ: 1.6 ಲಕ್ಷ ಜ್ಯೋತಿರ್ವರ್ಷ ದೂರದ, ದೊಡ್ಡ ಮೆಗೆಲಾನಿಕ್ ಮೋಡ ಎಂಬ ಚಿಕ್ಕ ಗೆಲಾಕ್ಸಿ, ಮತ್ತೆ ಧನು ರಾಶಿಯ ಹಿಂದೆ ಅಡಗಿದ್ದು 1994ರಲ್ಲಷ್ಟೇ ಸಿಕ್ಕಿಬಿದ್ದ ಕುಬ್ಜ ಗೆಲಾಕ್ಸಿ. ಎರಡನೆಯದನ್ನು ಕ್ಷೀರಪಥ ಹರಿದು ತಿನ್ನುತ್ತಿದೆ. 3718ರಲ್ಲಿ ಬೇರೆಬೇರೆ ಊಹೆಗಳಾಗಿರುವ ಎರಡು ಕಥೆಗಳೂ ನಮ್ಮ ಮನೆಯಲ್ಲಿ ಒಟ್ಟಿಗೇ ನಡೆಯುತ್ತಿವೆ.

ದೊಡ್ಡ ಮೆಗೆಲಾನಿಕ್ ಮೋಡಕ್ಕೂ ನಡುವೆ ಒಂದು ದಂಡವಿದೆ, ಒಂದೇ ತೋಳಿದೆ. ಅದೂ ಹತ್ತಿರದ ಚಿಕ್ಕ ಮೋಡದ ಜೊತೆ ಎಳೆದಾಡಿಕೊಂಡು ಆಕಾರ ಕೆಟ್ಟದ್ದೇ. ಇದನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕು ಎಂದು ಆಕಾಶ ನೋಡುವ ನಮ್ಮ ಗೆಳೆಯರಲ್ಲಿ ಹೇಳುವವರಿದ್ದಾರೆ. ಲೆಕ್ಕ ಹಾಕಿದರೆ ಜನವರಿ ಕೊನೆಯ ರಾತ್ರಿಗಳಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಚಾಮರಾಜನಗರದ ದಕ್ಷಿಣ ದಿಗಂತದಿಂದ ಎಂಟು ಡಿಗ್ರಿ ಮೇಲೆ ಅದು ಇರುತ್ತದೆ. ಆ ದಿಕ್ಕಿನಲ್ಲಿ ಊರಿನ ದೀಪ ಇರಬಾರದು, ಬೆಟ್ಟ ಅಡ್ಡ ಬರಬಾರದು, ಮಂಜು ಕವಿದಿರಬಾರದು. ಮೂರೂ ಕೂಡಿಬರುವ ಒಂದು ಬಯಲನ್ನು ನಕ್ಷೆಯಲ್ಲಿ ಹುಡುಕುತ್ತಿದ್ದೇನೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಜಾಗ ಹೇಳಿ.